ಅಮಾವಾಸ್ಯೆ ಪೂಜೆ ಮತ್ತು ನೂರಾಹತ್ತನೇ ಖಾನೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಶ್ರಾವಣ ಮುಗಿಯುವ ಅಮಾವಾಸ್ಯೆ. ಪೂಜೆಗೆಂದು ನಮ್ಮ ಕಾರ್ಖಾನೆಯ ವೈರ್‌ಮನ್ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದ. ಕಂಪ್ಯೂಟರಿನ ಹೇಳಿಕೆಯಂತೆ ನಡೆಯುವ ಸಿಎನ್‌ಸಿ ಯಂತ್ರದ ಪರದೆಯ ಮೇಲಿದ್ದ ಹಸಿರು ಅಂಕಿಗಳು ಕುಗ್ಗಿ ಒಂದು ಚುಕ್ಕೆಯಾಗಿ ಆರಿಹೋದವು. ಒಳಗಿನ ಫ್ಯಾನು ಸುತ್ತುತ್ತ ಸುತ್ತುತ್ತ ನಿಂತಿತು. ಯಾರೋ ಊದಿನಕಡ್ಡಿ ಹಚ್ಚಿದರು. ಅನಾಹುತ ನಡೆದದ್ದು ಇದಾದ ಅರ್ಧ ತಾಸಿನ ಮೇಲೆ. ಆದರೆ ಕೆಲಸ ಕೆಟ್ಟದ್ದು ಆ ಸ್ವಿಚ್ಚು ಕೆಳಗಿಳಿದಾಗಲೇ. ನಾನು ಅಲ್ಲೇ ಇದ್ದೆ. ಕೈಯಲ್ಲಿ ಸಕ್ಕರೆ, ಪುಟಾಣಿಯ ತಾಟು ಹಿಡಿದುಕೊಂಡು, ಆರತಿ ಬೇಗ ಮುಗಿದರೆ ಸಾಕು ಎಂದುಕೊಳ್ಳುತ್ತಿದ್ದೆ.

ನಾನು ನಿವೃತ್ತನಾಗಿ ಕೆಲವು ವರ್ಷಗಳಾದವು. ಪರಿಚಯದವರ ಮಕ್ಕಳು ಡಿಪ್ಲೊಮಾ ಮುಗಿಸಿ ಈಗಲೂ ಈ ಕೆಲಸಕ್ಕೆ ಸೇರುತ್ತಾರೆ. ಸೇರುವ ಮೊದಲು ನನ್ನ ಹತ್ತಿರ ಬಂದು ಯಂತ್ರ ನಡೆಸುವ ಮ್ಯಾಕ್ರೊ ಪ್ರೋಗ್ರಾಂ ಬರೆಯುವುದು ಕಷ್ಟವೇ, ಎಲ್ಲಿಂದ ಶುರುಮಾಡಬೇಕು ಎಂದು ಕೇಳುತ್ತಾರೆ. ಹೇಳಿಕೊಡುತ್ತೇನೆ, ಚಹಾ ಕುಡಿಸಿ ಕಳಿಸುತ್ತೇನೆ. ಅಂದು ಆ ಯಂತ್ರ ನಡೆಸುತ್ತಿದ್ದ ಮಹಬೂಬನ ಕಣ್ಣಿನ ವಿಷಯ ಮಾತ್ರ ಬಾಯಿಗೆ ಬರುವುದಿಲ್ಲ. ಅವರು ಬಾಗಿಲು ದಾಟಿದ ಮೇಲೆ, ಹೇಳಬೇಕಾಗಿದ್ದದ್ದು ಅದೊಂದೇ ಅಲ್ಲವೇ ಅನಿಸುತ್ತದೆ. ಬಾಯಿಗೆ ಬಾರದ್ದನ್ನು ಬರೆದಾದರೂ ಇಡೋಣವೆಂದು ಕೂತಿದ್ದೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದ ಕೂಡಲೇ ನನಗೆ ಕುಂದಗೋಳ ತಾಲೂಕಿನಲ್ಲಿ, ಸಂಶಿ ದಾರಿಯ ಮೇಲಿದ್ದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸುತ್ತ ಕರಿಮಣ್ಣಿನ ಎರಿ ಹೊಲ, ನಡುವೆ ತಗಡಿನ ದೊಡ್ಡ ಶೆಡ್ಡು. ನೀರಿನ ಕೊಳವೆಗೆ ಕೂಡಿಸುವ ದೊಡ್ಡ ವಾಲ್ವುಗಳ ಎರಕದ ಬಾಡಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳ ದುಂಡನೆಯ ಅಂಚಿನ ಸುತ್ತ ಬೋಲ್ಟಿನ ತೂತು ಕೊರೆದು ಕಳಿಸುವುದು ನಮ್ಮ ಕೆಲಸ. ಮಾಲೀಕರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಿದ್ದೆವು. ಹತ್ತಿಯ ಬೀಜ ಬಿಡಿಸುವ ಜಿನ್ ನಡೆಸಿ ಬೆಳೆದವರು. ಅವರಿಗೆ ಯಂತ್ರವೂ ಒಂದೇ, ಎತ್ತೂ ಒಂದೇ. ಅಮಾವಾಸ್ಯೆಗೊಮ್ಮೆ ಹೂಡುವುದನ್ನು ಬಿಟ್ಟು, ಮೈ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಕೆಲಸ.

ಆ ಸೀಮೆಗೆ ಬಂದ ಮೊದಲ ಕಂಪ್ಯೂಟರ್ ಯಂತ್ರ ನಮ್ಮದೇ ಇರಬೇಕು. ಅದನ್ನು ಕೂಡಿಸುವುದೇ ಒಂದು ಪಂಚಾಯ್ತಿಯಾಯಿತು. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬೆಂಗಳೂರಿನಿಂದ ಬಂದ ಕಂಪನಿಯವರು ಕೊಟ್ಟ ನಕ್ಷೆಯ ಪ್ರಕಾರ ತಳಪಾಯ ಹಾಕಿದ್ದೆವು. ಮೊದಲ ಮಳೆಗೇ ಯಂತ್ರ ಒಂದು ಮೂಲೆಗೆ ವಾಲಿತು. ಸಾವಕಾರ್ರು ಬಂದು ಮಟ್ಟದ ಗುಳ್ಳೆಯನ್ನು ನೋಡಿ, "ಇದಕ್ಕ ನೆಲಾ ಹೊಂದಿಲ್ಲಪಾ. ಇನ್ನೂ ಹೊಸದು, ಬೆದರತೈತಿ" ಎಂದರು. ಮಣ್ಣನ್ನೆಲ್ಲ ತೆಗೆಸಿ, ಕೆಳಗೆ ಗಟ್ಟಿ ನೆಲ ಹತ್ತುವತನಕ ಅಗೆದು, ಮೊರಮು ತುಂಬಿ ಮತ್ತೆ ಕೂಡಿಸಿದೆವು. ಅಷ್ಟಾದರೂ ಎರಡು ತಿಂಗಳಿಗೊಮ್ಮೆ ಮಟ್ಟ ನೋಡಲೇಬೇಕಾಗುತ್ತಿತ್ತು.

ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತಿದ್ದವರು ಶಂಕರಗೌಡರು. ಶಲವಡಿಯವರು, ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು. ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವನು ಯರಗುಪ್ಪಿಯ ಮಹಬೂಬ. ಹಳೆಯ ಲೇಥಿನಲ್ಲಿ ಪಳಗಿ, ಈ ಯಂತ್ರಕ್ಕೆ ತಾನಾಗಿಯೇ ಹೆಸರು ಕೊಟ್ಟು ಬಂದವನು. ನಾನು ಬಿಳಿ ಅಂಗಿ ಹಾಕಿಕೊಂಡು ಹೋದ ಮೊದಲ ದಿನವೇ ನನಗೆ "ಕಾಲೇಜ್ ಸಾಹೇಬ್ರು" ಎಂದು ಹೆಸರಿಟ್ಟ. ಕೊನೆಯತನಕ ಅದನ್ನೇ ನಡೆಸಿದ.

ಆಗೆಲ್ಲ ಒಂದೊಂದು ಅಳತೆಯ ವಾಲ್ವಿಗೆ ಒಂದೊಂದು ಪ್ರೋಗ್ರಾಂ, ಒಂದೊಂದಕ್ಕೂ ಉದ್ದನೆಯ ಕಾಗದದ ಟೇಪು. ಪ್ರತಿ ತೂತಿನ ಜಾಗವನ್ನೂ ಸೈನ್, ಕೊಸೈನ್ ಹಾಕಿ ಲೆಕ್ಕ ಮಾಡಿ, ಟೇಪಿನಲ್ಲಿ ರಂಧ್ರ ಪಂಚ್ ಮಾಡಬೇಕು. ಇಲಿ ಕಡಿದರೆ ಇಡೀ ಟೇಪು ಮತ್ತೆ ಮೊದಲಿನಿಂದ. ಗೌಡರಿಗೆ ಇದು ಬೇಸರವಾಗಿತ್ತು. ಯಂತ್ರದ ಜೊತೆ ಬಂದ ಜಪಾನಿನವರ ಕೈಪಿಡಿಯ ಕೊನೆಯ ಅಧ್ಯಾಯವನ್ನು ತಿಂಗಳುಗಟ್ಟಲೆ ಓದಿ, ಒಂದೇ ಒಂದು ಮ್ಯಾಕ್ರೊ ಬರೆದರು. ಅದರಲ್ಲಿ ಅಂಕಿಗಳೇ ಇಲ್ಲ, ಅಂಕಿಗಳ ಜಾಗದಲ್ಲಿ ಖಾನೆಗಳು. ಒಂದೊಂದು ಖಾನೆಗೂ ಒಂದು ನಂಬರು. ಎಷ್ಟು ತೂತು, ಎಷ್ಟು ದೊಡ್ಡ ವೃತ್ತ, ಯಾವ ಕೋನದಿಂದ ಶುರು, ಎಷ್ಟು ಆಳ ಎಂಬುದನ್ನು ಆಯಾ ಖಾನೆಯಲ್ಲಿ ತುಂಬಿದರೆ ಸಾಕು, ಉಳಿದ ಲೆಕ್ಕ ಯಂತ್ರವೇ ಹಾಕಿಕೊಳ್ಳುತ್ತದೆ. ಆಳೆತ್ತರದ ಟೇಪಿನ ರಾಶಿ ಮೂಲೆ ಸೇರಿತು. ಗೌಡರು ಅಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ತಮ್ಮ ಪಾಲಿನ ಶೇಂಗಾ ಹೋಳಿಗೆಯನ್ನು ನನಗೂ ಮಹಬೂಬನಿಗೂ ಹಂಚಿಬಿಟ್ಟರು.

ನಾನೂ ಬರೆಯುತ್ತೇನೆಂದು ಹೊರಟೆ. ಎಂಟು ತೂತು ಮುಗಿಯುವತನಕ ಸುತ್ತುತ್ತಿರು ಎಂದು ಬರೆದು, ಪ್ರತಿ ಸುತ್ತಿಗೂ ಲೆಕ್ಕವನ್ನು ಒಂದು ಹೆಚ್ಚಿಸು ಎಂಬ ಸಾಲನ್ನೇ ಮರೆತಿದ್ದೆ. ಡ್ರಿಲ್ಲು ಮೊದಲನೇ ತೂತಿಗೇ ಇಳಿಯುತ್ತದೆ, ಏಳುತ್ತದೆ, ಮತ್ತೆ ಅಲ್ಲಿಗೇ ಇಳಿಯುತ್ತದೆ. ಮಹಬೂಬ ಕೈಕಟ್ಟಿ ನಿಂತು ನಾಲ್ಕು ಸಲ ನೋಡಿದ. ಐದನೇ ಸಲ, "ಕಾಲೇಜ್ ಸಾಹೇಬ್ರ, ಕೊರಿಯೂದು ವಾಲ್ವೋ, ಬೋರ್‌ವೆಲ್ಲೋ? ನೀರ ಬಂದ್ರ ಹೇಳ್ರಿ, ಕೊಡಾ ತರತೇನಿ" ಎಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಯಂತ್ರ ತಾನಾಗಿ ಏನನ್ನೂ ಊಹಿಸಿಕೊಳ್ಳುವುದಿಲ್ಲ ಎಂಬ ಪಾಠ ನನಗೆ ಅಂದು ಅಷ್ಟು ಸುಲಭವಾಗಿ ಸಿಕ್ಕಿತ್ತು.

ಇನ್ನು ನೂರಾಹತ್ತನೇ ಖಾನೆಯ ವಿಷಯ. ಎರಕದ ಬಾಡಿ ಅಲುಗಾಡದಂತೆ ಅದರ ಅಂಚಿನ ಮೇಲೆ ಕಬ್ಬಿಣದ ಕ್ಲಾಂಪುಗಳನ್ನು ಬಿಗಿಯುತ್ತೇವೆ. ಒಂದು ತೂತಿನಿಂದ ಇನ್ನೊಂದು ತೂತಿಗೆ ಹೋಗುವಾಗ ಡ್ರಿಲ್ಲು ಈ ಕ್ಲಾಂಪುಗಳ ತಲೆಯ ಮೇಲಿಂದ ದಾಟಬೇಕು. ಕ್ಲಾಂಪಿನ ಎತ್ತರ ಕೆಲಸದಿಂದ ಕೆಲಸಕ್ಕೆ ಬೇರೆ. ಅದನ್ನು ಅಂಚಿನ ಮೇಲಿಂದ ಅಳೆದು ನೂರಾಹತ್ತನೇ ಖಾನೆಯಲ್ಲಿ ಹಾಕಿದರೆ, ಅದಕ್ಕೆ ಎರಡು ಮಿಲಿಮೀಟರ್ ಕೂಡಿಸಿ, ಅಷ್ಟು ಮೇಲೆದ್ದು ಮುಂದಕ್ಕೆ ಹೋಗು ಎಂದು ಗೌಡರು ಬರೆದಿದ್ದರು.

ಖಾನೆಗಳಲ್ಲಿ ಎರಡು ಜಾತಿ. ನೂರರ ಸಾಲಿನವು ಕರೆಂಟು ಹೋದರೆ ಅಳಿಸಿಹೋಗುತ್ತವೆ. ಐದುನೂರರ ಸಾಲಿನವು ಬ್ಯಾಟರಿಯ ಬಲದಲ್ಲಿ ಉಳಿಯುತ್ತವೆ. ತೂತಿನ ಲೆಕ್ಕ, ವೃತ್ತ, ಕೋನ, ಆಳ ಇವೆಲ್ಲ ಐದುನೂರರಲ್ಲಿದ್ದವು, ಕ್ಲಾಂಪಿನ ಎತ್ತರ ಮಾತ್ರ ನೂರರಲ್ಲಿ. ಎತ್ತರಕ್ಕೂ ಉಳಿಯುವ ಖಾನೆಯನ್ನೇ ಯಾಕೆ ಬಳಸಬಾರದು ಎಂದು ನಾನು ಕೇಳಿದ್ದೆ. ಗೌಡರು ಹೇಳಿದ್ದು ಹೀಗೆ:

"ತಮ್ಮಾ, ಉಳಿಯೂ ಖಾನ್ಯಾಗ ನಿನ್ನಿ ಎತ್ತರ ಹಂಗ ಕುಂತಿರತೈತಿ. ಇವತ್ತು ಕ್ಲಾಂಪ್ ಎತ್ತರದ್ದು ಹಾಕಿ, ಅಂಕಿ ಬದಲಸೂದು ಮರತಿ ಅಂದ್ರ? ಅಂಕಿ ಐತಿ ಅಂದ್ರ ಯಾರೂ ನೋಡೂದಿಲ್ಲ. ಇಲ್ಲ ಅಂದ್ರ ಹಾಕತಾರ. ದಿನಾ ಅಳೀಲಿ, ದಿನಾ ಹಾಕಲಿ."

ಇದು ಸರಿಯಾದ ಮಾತು. ಈಗಲೂ ನಾನು ಇದನ್ನು ತಪ್ಪೆನ್ನಲಾರೆ. ನಮ್ಮ ಕಡೆ ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತಿತ್ತು. ಹೋದ ಕೂಡಲೇ ಮಹಬೂಬ ಕತ್ತಲಾದ ಶೆಡ್ಡಿನಲ್ಲಿ, "ಕರೆಂಟ್ ಹೋತು, ನಂಬರ್ ಹೋತು!" ಎಂದು ಕೂಗುತ್ತಿದ್ದ. ಬಂದ ಮೇಲೆ ಮೊದಲು ಯಂತ್ರವನ್ನು ಅದರ ಮನೆಯ ಜಾಗಕ್ಕೆ, ಅಂದರೆ ಅದರ ಅಳತೆಯೆಲ್ಲ ಶುರುವಾಗುವ ಮೂಲೆಗೆ, ಒಯ್ಯುವುದು, ಆಮೇಲೆ ನಂಬರು ಹಾಕುವುದು, ಗೌಡರೋ ನಾನೋ ಬಂದು ನೋಡುವುದು. ಒಂದು ಸಲವೂ ತಪ್ಪಿರಲಿಲ್ಲ. ಅಮಾವಾಸ್ಯೆಯ ಪೂಜೆಯೂ ಬೆಳಗಿನ ಮೊದಲ ಕೆಲಸವೇ ಆಗಿರುತ್ತಿತ್ತು. ಪೂಜೆ, ಆಮೇಲೆ ಸ್ವಿಚ್ಚು, ಆಮೇಲೆ ಅಳತೆ, ನಂಬರು.

ಆ ಅಮಾವಾಸ್ಯೆ ಮಾತ್ರ ಹಳ್ಳ ತುಂಬಿ ಬಂದಿತ್ತು. ಸಾವಕಾರ್ರ ಕಾರು ಹಳ್ಳದ ಆಚೆ ದಂಡೆಯಲ್ಲಿ ನಿಂತುಬಿಟ್ಟಿತು. ಮಾಲು ಕಳಿಸುವ ಅವಸರವಿದ್ದದ್ದರಿಂದ ಮ್ಯಾನೇಜರ್ ಜೋಶಿಯವರು, "ಸಾವಕಾರ್ರು ಬರೂತನಕ ನಡಸ್ರಿ" ಎಂದರು. ಮಹಬೂಬ ಕ್ಲಾಂಪು ಅಳೆದು ನಲವತ್ತಮೂರು ಎಂದು ಹಾಕಿದ. ಗೌಡರು ನೋಡಿದರು. ಎರಡು ಬಾಡಿಗಳು ಚೊಕ್ಕವಾಗಿ ಆದವು. ಮೂರನೆಯದನ್ನು ಬಿಗಿದಿಟ್ಟಿದ್ದಾಗ ಸಾವಕಾರ್ರು, ಮಾಲು ಕೊಳ್ಳುವ ಕಂಪನಿಯ ಇಬ್ಬರು ಅತಿಥಿಗಳೊಡನೆ ಬಂದರು. ಹಳ್ಳ ದಾಟಿ ನಡೆದು ಬಂದದ್ದಕ್ಕೆ ಧೋತ್ರವೆಲ್ಲ ಮೊಣಕಾಲತನಕ ಕೆಸರು. "ಪೂಜಾ ಮುಗಸೂಣು ಮೊದ್ಲ, ಅಮಾಸಿ ಮುಗದೀತು" ಎಂದರು. ಸ್ವಿಚ್ಚು ಕೆಳಗಿಳಿಯಿತು.

ಪೂಜೆ ಚೆನ್ನಾಗಿಯೇ ಆಯಿತು. ಯಂತ್ರದ ಮುಂದಿನ ತಗಡಿನ ಬಾಗಿಲು ತೆಗೆದು, ಮೇಲೊಂದು ಚೆಂಡುಹೂವಿನ ಮಾಲೆ, ಪರದೆಯ ಕಟ್ಟಿಗೆ ವಿಭೂತಿ, ಮೇಜಿನ ಮೇಲೆ ಲಿಂಬೆಹಣ್ಣು. ಸ್ವಿಚ್ಚು ಮೇಲೆ ಹೋಯಿತು. ಮನೆಯ ಜಾಗಕ್ಕೆ ಒಯ್ಯದೆ ಯಂತ್ರ ಅಲುಗುವುದೇ ಇಲ್ಲ, ಕೆಂಪು ದೀಪ ಹಚ್ಚಿ ಕೇಳುತ್ತದೆ. ಮಹಬೂಬ ಅದನ್ನು ಮಾಡಿದ. ನಂಬರನ್ನು ಯಂತ್ರ ಕೇಳುವುದಿಲ್ಲ. ಅದನ್ನು ಕೇಳುತ್ತಿದ್ದದ್ದು "ಕರೆಂಟ್ ಹೋತು" ಎಂಬ ಕೂಗು. ಅಂದು ಆ ಕೂಗು ಬೀಳಲಿಲ್ಲ. ಕರೆಂಟು ಎಲ್ಲಿ ಹೋಗಿತ್ತು? ಶೆಡ್ಡಿನ ದೀಪಗಳೆಲ್ಲ ಉರಿಯುತ್ತಿದ್ದವು. ನಾವು ಪೂಜೆ ಮಾಡಿದ್ದೆವು, ಅಷ್ಟೆ. ಪೂಜೆಯನ್ನು ಕರೆಂಟು ಹೋಗುವುದರ ಲೆಕ್ಕಕ್ಕೆ ನಮ್ಮಲ್ಲಿ ಒಬ್ಬರೂ ಹಿಡಿದಿರಲಿಲ್ಲ. ಗೌಡರೂ ಇಲ್ಲ, ಮಹಬೂಬನೂ ಇಲ್ಲ, ನಾನೂ ಇಲ್ಲ.

ಸಾವಕಾರ್ರು ಅತಿಥಿಗಳನ್ನು ಕರೆದುಕೊಂಡು ತೆರೆದ ಬಾಗಿಲಿಗೆ ಹತ್ತಿರ ಬಂದರು. ಮಹಬೂಬ ಬಟನ್ ಒತ್ತಿ, ಅವರಿಗೂ ಯಂತ್ರಕ್ಕೂ ನಡುವೆ ಬಂದು ನಿಂತ. "ಒಂದೀಟು ಹಿಂದ ಸರೀರಿ ಸಾವಕಾರ್ರ, ಎಣ್ಣಿ ಸಿಡೀತೈತಿ, ಹೊಸಾ ಧೋತ್ರಾ" ಎಂದ. "ಧೋತ್ರಾ ಹೋಗ್ಲೋ, ಹಳ್ಳದಾಗ ಆಗ್ಲೇ ಹೋಗೇತಿ" ಎಂದು ಅವರು ನಕ್ಕರು. ಡ್ರಿಲ್ಲು ಮೇಲಿನಿಂದ ಇಳಿದು ಮೊದಲನೇ ತೂತನ್ನು ಕೊರೆಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ನಾನು ಪರದೆಯ ಕಡೆ ನೋಡುತ್ತಿದ್ದೆ. ಡ್ರಿಲ್ಲು ತೂತಿನಿಂದ ಮೇಲೆದ್ದಿತು. ಎತ್ತರದ ಅಂಕಿ ನಲವತ್ತೈದಕ್ಕೆ ಹೋಗಿ ನಿಲ್ಲಬೇಕು. ಎರಡಕ್ಕೆ ನಿಂತಿತು. ಎರಡು, ಚುಕ್ಕೆ, ಮೂರು ಸೊನ್ನೆ. ಅದರ ಅರ್ಥ ನನ್ನ ತಲೆಗೆ ಹೋಯಿತು. ಬಾಯಿಗೆ ಬರುವಷ್ಟು ಹೊತ್ತು ಸಿಗಲಿಲ್ಲ. ಇಷ್ಟು ವರ್ಷಗಳಾದವು, ಕಣ್ಣು ಮುಚ್ಚಿದರೆ ಆ ಎರಡು ಹಾಗೆಯೇ ಹಸಿರಾಗಿ ನಿಂತಿರುತ್ತದೆ.

ಡ್ರಿಲ್ಲು ಪೂರ್ತಿ ವೇಗದಲ್ಲಿ ಅಡ್ಡಕ್ಕೆ ಓಡಿ ಕ್ಲಾಂಪಿಗೆ ಬಡಿಯಿತು. ದೊಡ್ಡ ಸದ್ದೇನೂ ಅಲ್ಲ. ಒಣಗಿದ ಹತ್ತಿಕಟ್ಟಿಗೆಯನ್ನು ಮೊಣಕಾಲಿಗೆ ಹಾಕಿ ಮುರಿದಂಥ ಸದ್ದು. ಮಾಲೆ ಹರಿದು ಚೆಂಡುಹೂವು ಚೆಲ್ಲಿತು. ಮಹಬೂಬ ಮುಖದ ಮೇಲೆ ಎರಡೂ ಕೈ ಇಟ್ಟುಕೊಂಡು ಮೆಲ್ಲಗೆ ಕೆಳಗೆ ಕೂತ. "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದ. ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಎಲ್ಲರೂ ಕಲ್ಲಾಗಿ ನಿಂತಿದ್ದೆವು. ಅವನೇ ಮತ್ತೆ, "ಗೌಡ್ರ, ಬಟನ್ ಒತ್ರಿ. ಇನ್ನೂ ತಿರಗಾಕತ್ತೈತಿ, ಸಪ್ಪಳಾ ಕೇಳವಲ್ದೇನು?" ಎಂದ. ಆಗ ಗೌಡರು ಓಡಿ ಕೆಂಪು ಬಟನ್ ಗುದ್ದಿದರು.

ಹಳ್ಳ ದಾಟಿಸಿ, ಆಚೆ ದಂಡೆಯಲ್ಲಿದ್ದ ಸಾವಕಾರ್ರ ಕಾರಿನಲ್ಲೇ ಹುಬ್ಬಳ್ಳಿಗೆ ಒಯ್ದೆವು. ಮುರಿದ ಡ್ರಿಲ್ಲಿನ ಉಕ್ಕಿನ ಚೂರು ಬಲಗಣ್ಣಿನೊಳಗೆ ಹೊಕ್ಕಿತ್ತು. ಡಾಕ್ಟರು ಅದನ್ನು ತೆಗೆದರು. ದೃಷ್ಟಿ ಉಳಿಯುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು, ಇನ್ನೊಂದು ಸಲ ಕತ್ತರಿ ಹಾಕಬೇಕಾಗಬಹುದು, ಕಾಯಬೇಕು ಎಂದರು. ಕಾದೆವು. ಮಹಬೂಬನ ಹೆಂಡತಿ ಬೀಬಿಜಾನ್ ವಾರ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ನೀವು ಕಲತವರು, ಹೇಳ್ರಿ ಅಣ್ಣಾರ. ಅಷ್ಟು ದಿವಸ ಸುಮ್ಮನಿದ್ದದ್ದು ಯಾಕ ಹಂಗ ಮಾಡ್ತು?" ಒಂದು ಖಾನೆ ಖಾಲಿಯಾಗಿತ್ತು, ಎಂದೆ. "ಖಾಲಿ ಇದ್ರ ಸುಮ್ಮನ ನಿಂದರಬೇಕಲ್ಲರಿ?" ಎಂದಳು.

ಗೌಡರು ಪ್ರತಿದಿನ ಸಂಜೆ ಆಸ್ಪತ್ರೆಗೆ ಬರುತ್ತಿದ್ದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕರೆದರೆ, "ಅಂವಾ ಮಲಗಿರಲಿ" ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ವಿಚಾರಣೆಯಂಥದೊಂದು ನಡೆಯಿತು. ಜೋಶಿಯವರ ಕೋಣೆಯಲ್ಲಿ ನಾವು ನಾಲ್ಕೇ ಜನ. ಜೋಶಿಯವರು ಕೆಟ್ಟವರಲ್ಲ, ಹೆದರಿದ್ದರು. "ಕೆಲಸದ ನಡುವ ಪೂಜಾ ಮಾಡೂದ ಬಂದ್ ಆಗಬೇಕ್ರಿ" ಎಂದರು. ಸಾವಕಾರ್ರು ಕುರ್ಚಿಯಿಂದ ಅರ್ಧ ಎದ್ದು, "ದೇವರಿಗೆ ಕೈ ಮುಗದದ್ದಕ್ಕ ಕಣ್ಣ ಹೋತು ಅಂತೀರೇನು ನನ್ನ ಮುಂದ?" ಎಂದರು. ಜೋಶಿಯವರು ಗೌಡರ ಕಡೆ ತಿರುಗಿ, ಉಳಿಯುವ ಖಾನೆಯಲ್ಲಿ ಅಂಕಿ ಇಟ್ಟಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿದರು. ಗೌಡರು ತಮ್ಮ ಕಾರಣ ಹೇಳಬಹುದಿತ್ತು, ಹೇಳಲಿಲ್ಲ. "ಯಂತ್ರ ನಾ ಬರದದ್ದನ್ನ ಮಾಡೇತ್ರಿ. ಬ್ಯಾರೆ ಏನೂ ಮಾಡಿಲ್ಲ" ಎಂದರು. ಆ ವಾರವೇ ಕೆಲಸ ಬಿಟ್ಟು ಶಲವಡಿಗೆ ಹೋದರು. ಬಸ್ ಸ್ಟ್ಯಾಂಡಿನತನಕ ಅವರ ಚೀಲ ಹಿಡಿದು ಹೋದವನು ನಾನೇ. ಅಷ್ಟು ಚೆನ್ನಾಗಿ ಮ್ಯಾಕ್ರೊ ಬರೆಯಬಲ್ಲವರನ್ನು ಆಮೇಲೆ ನನ್ನ ಇಡೀ ನೌಕರಿಯಲ್ಲಿ ನಾನು ನೋಡಿಲ್ಲ.

ಅವರು ಹೋದ ಮೇಲೆ ಮ್ಯಾಕ್ರೊ ನನ್ನ ಪಾಲಿಗೆ ಬಂತು. ಕೈಪಿಡಿ ತೆಗೆದು ಕೂತೆ. ನಾವಿಬ್ಬರೂ ಓದಿ ಕೆಳಗೆ ಗೆರೆ ಎಳೆದಿದ್ದ ಪುಟದಲ್ಲೇ ಎಲ್ಲ ಇತ್ತು. ಖಾಲಿ ಖಾನೆಯೇ ಬೇರೆ, ಸೊನ್ನೆ ಇರುವ ಖಾನೆಯೇ ಬೇರೆ. ಎತ್ತರದ ಜಾಗದಲ್ಲಿ ಖಾಲಿ ಖಾನೆಯೊಂದನ್ನೇ ಬರೆದಿದ್ದರೆ ಯಂತ್ರ ಆ ಮಾತನ್ನು ಬಿಟ್ಟುಬಿಡುತ್ತದೆ, ಇದ್ದ ಎತ್ತರದಲ್ಲೇ ಇರುತ್ತದೆ. ಆದರೆ ಖಾಲಿ ಖಾನೆಯನ್ನು ಕೂಡಿಸುವ ಲೆಕ್ಕದೊಳಗೆ ತಂದರೆ ಅದನ್ನು ಸೊನ್ನೆ ಎಂದು ಹಿಡಿಯುತ್ತದೆ. ಗೌಡರು ಸುರಕ್ಷತೆಗೆಂದು ಎರಡು ಮಿಲಿಮೀಟರ್ ಕೂಡಿಸಿದ್ದರು. ಸೊನ್ನೆಗೆ ಎರಡು ಕೂಡಿಸಿದರೆ ಎರಡು.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಖಾನೆಯನ್ನು ಬಳಸುವ ಮೊದಲು ಅದು ಖಾಲಿಯೇ ಎಂದು ಕೇಳುವ ಒಂದು ಸಾಲು ಬರೆಯಿರಿ. ಖಾಲಿಯಾಗಿದ್ದರೆ ಯಂತ್ರ ನಿಲ್ಲಲಿ, ಅಲಾರ್ಮ್ ಕೊಡಲಿ, ಏನು ಬೇಕೆಂದು ಪರದೆಯ ಮೇಲೆ ಬರೆಯಲಿ. ಮನುಷ್ಯರ ರೂಢಿ ಎಷ್ಟೇ ಗಟ್ಟಿಯಾಗಿರಲಿ, ಅದು ತನಗೆ ಗೊತ್ತಿರುವ ಬಾಗಿಲನ್ನಷ್ಟೇ ಕಾಯುತ್ತದೆ. ನಾವು ಕರೆಂಟು ಹೋಗುವ ಬಾಗಿಲನ್ನು ಕಾಯುತ್ತಿದ್ದೆವು.

ಆ ಸಾಲನ್ನು ನಾನು ಬರೆದೆ. ಅಂಕಿಯನ್ನು ಐದುನೂರಕ್ಕೆ ಒಯ್ಯಲಿಲ್ಲ, ನೂರರಲ್ಲೇ ಬಿಟ್ಟೆ. ಜೋಶಿಯವರ ಜೊತೆ ಅದಕ್ಕಾಗಿ ಅರ್ಧ ದಿನ ಜಗಳವಾಡಿದೆ. ಮುಂದಿನ ಅಮಾವಾಸ್ಯೆ ಬಂತು. ಸಾವಕಾರ್ರು ಪೂಜೆ ಬಿಡಲಿಲ್ಲ. ಈ ಸಲ ಬಾಗಿಲು ಹಾಕಿಸಿ, ಎಲ್ಲರನ್ನೂ ಕಂಬದ ಆಚೆ ನಿಲ್ಲಿಸಿದೆ. ನಂಬರು ಹಾಕದೆ, ಬೇಕೆಂದೇ, ಬಟನ್ ಒತ್ತಿದೆ. ಯಂತ್ರ ಅಲುಗಲಿಲ್ಲ. ಕೆಂಪು ದೀಪ ಹತ್ತಿತು.

"ಯಾಕ, ಏನಾತು?" ಎಂದು ಸಾವಕಾರ್ರು ಅಲ್ಲಿಂದಲೇ ಕೂಗಿದರು.

"ಎತ್ತರಾ ಕೇಳಾಕತ್ತೈತ್ರಿ."

ಅವರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. "ಆವಾಗ ಕೇಳಬಾರದಾಗಿತ್ತೇನಪಾ ಇದು" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಯಂತ್ರ ಸರಿಯಾಯಿತು, ನನಗೆ ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಹತ್ತುವಷ್ಟರಲ್ಲಿ ಹತ್ತಿಕಟ್ಟಿಗೆ ಮುರಿದ ಸದ್ದು ಕೇಳುತ್ತಿತ್ತು. ಎದ್ದು ಕೂರುತ್ತಿದ್ದೆ. ಬಟನ್ ಒತ್ತಬೇಕಾದರೆ ಮೊದಲು ಪರದೆಯ ಅಂಕಿಯನ್ನು ಬಾಯಿಬಿಟ್ಟು ಓದುವ ಚಟ ಹತ್ತಿತು. ಹೊಸ ಆಪರೇಟರು ಬೆನ್ನ ಹಿಂದೆ ನಗುತ್ತಿದ್ದ.

ದೀಪಾವಳಿಯ ಸುಮಾರಿಗೆ ಮಹಬೂಬನಿಗೆ ಎರಡನೇ ಸಲ ಕತ್ತರಿ ಹಾಕಿ, ಪಟ್ಟಿ ಬಿಚ್ಚಿದರು. ನಾನು, ಬೀಬಿಜಾನ್, ಅವನ ತಮ್ಮ, ಜೋಶಿಯವರು ಸುತ್ತ ನಿಂತಿದ್ದೆವು. ಡಾಕ್ಟರು ಎಡಗಣ್ಣನ್ನು ಮುಚ್ಚಿ, ಯಾರ ಮುಖ ಕಾಣುತ್ತದೆ ಹೇಳು ಎಂದರು. ಮಹಬೂಬ ಒಬ್ಬೊಬ್ಬರ ಕಡೆಯೂ ಬಹಳ ಹೊತ್ತು ತಿರುಗಿ ನೋಡಿದ. "ಕಿಡಕಿ ಎಲ್ಲೈತಿ ಅಂತ ತಿಳೀತೈತ್ರಿ" ಎಂದ. ಅಷ್ಟೇ ಉಳಿದದ್ದು, ಬೆಳಕು ಮತ್ತು ನೆರಳು.

ಕೆಲಸಕ್ಕೆ ಬಂದ. ತನ್ನ ಯಂತ್ರದ ಮುಂದೆಯೇ ನಿಲ್ಲುತ್ತೇನೆಂದು ಹಟ ಹಿಡಿದ. "ಒಂದ ಕಣ್ಣಿಗೆ ಸ್ಕ್ರೀನ್ ಕಾಣೂದಿಲ್ಲೇನ್ರಿ?" ಎಂದ. ಆದರೆ ಒಂದು ಕಣ್ಣಿಗೆ ದೂರ ತಿಳಿಯುವುದಿಲ್ಲ. ಚಹಾದ ಕಪ್ಪಿಗೆ ಕೈ ಚಾಚಿದರೆ ನಾಲ್ಕು ಬೆರಳು ಈಚೆಗೇ ಮುಷ್ಟಿ ಕಟ್ಟುತ್ತಿದ್ದ. ತಿರುಗುವ ಡ್ರಿಲ್ಲಿನ ಮುಂದೆ ಅಂಥವನನ್ನು ಹೇಗೆ ನಿಲ್ಲಿಸುವುದು? ತಪಾಸಣೆಯ ಮೇಜಿಗೆ ಹಾಕಿದರು. ಅಲ್ಲಿ ಗೇಜನ್ನು ತೂತಿಗೆ ಹಾಕಿ, ಕೈಗೆ ಹತ್ತುವ ಬಿಗಿಯಿಂದಲೇ ಅಳತೆ ತಿಳಿಯಬೇಕು. ಬೇಗ ಕಲಿತ. ಆದರೆ ಅವನ ಕುರ್ಚಿ ಯಂತ್ರದ ಕಡೆಗೆ ಬೆನ್ನು ಮಾಡಿ ಇರುತ್ತಿತ್ತು. ಹಾಗೆ ಇಟ್ಟುಕೊಂಡವನು ಅವನೇ.

ಸಂಕ್ರಾಂತಿಯ ಮುಂಚೆ ಒಂದು ದಿನ, "ಕಾಲೇಜ್ ಸಾಹೇಬ್ರ, ಗೌಡ್ರನ್ನ ನೋಡಬೇಕಾಗೇತಿ. ನನಗ ಒಬ್ಬಾಂವಗ ಬಸ್ ಹತ್ತಾಕ ಇನ್ನೂ ಅಂಜಿಕಿ. ಬರತೀರೇನು?" ಎಂದ. ಶನಿವಾರ ಅರ್ಧ ದಿನ ರಜೆ ಹಾಕಿ ಹೊರಟೆವು. 'ಏನು ಹೇಳುತ್ತಾನೆ, ಬಡಿದಾಟಕ್ಕೆ ಕರೆದೊಯ್ಯುತ್ತಿದ್ದೇನೆಯೇ' ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ.

ಗೌಡರು ಹೊಲದಲ್ಲಿದ್ದರು. ಜೋಳ ಹಾಲುಗಾಳಾಗಿತ್ತು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ನಮ್ಮನ್ನು ಕಂಡು ಎದ್ದು ನಿಂತವರು ಹಾಗೆಯೇ ನಿಂತರು. ಆಮೇಲೆ ಏನು ಮಾಡಬೇಕೋ ತಿಳಿಯದೆ ನಾಲ್ಕು ತೆನೆ ಮುರಿದು, ಬೆಂಕಿಯಲ್ಲಿ ಸುಟ್ಟು, ಬಡಿದು, ಸೀತನಿ ಮಾಡಿ ನಮ್ಮ ಮುಂದೆ ಇಟ್ಟರು.

ಮಹಬೂಬ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಹೇಳಿದ: "ಗೌಡ್ರ, ಪಟ್ಟಿ ಬಿಚ್ಚಿದಾಗ ಎಲ್ಲಾರೂ ಇದ್ರು, ನೀವಷ್ಟ ಇರಲಿಲ್ಲ. ಇದ್ದಿದ್ರ ಬೈತಿದ್ದೆ. ಸಿಟ್ಟರ ಇಳೀತಿತ್ತು."

"ಈಗ ಬೈಯೋ."

"ಬಾಯಿ ತುಂಬ ಸೀತನಿ ಕೊಟ್ಟೀರಿ. ಹೆಂಗ ಬೈಲಿ?"

ಯಾರೂ ನಗಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ ಅವನೇ ಅಂದ: "ಕಣ್ಣ ಹೋತು, ಅದು ಹೋಗೂದಿತ್ತು. ಆ ನಂಬರ್ ಹಾಕಾಂವಾ ನಾನೂ ಹೌದಲ್ಲ. ಆದ್ರ ನೀವ್ಯಾಕ ಹೋದ್ರಿ? ಎರಡೆರಡು ಯಾಕ ಹೋಗಬೇಕು? ನಾನು ಆ ಶೆಡ್ಡಿನ್ಯಾಗ ಯಾರ ಕೂಡ ಜಗಳಾಡ್ಲಿ?"

ಗೌಡರು ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡು ಕೈಯಲ್ಲೇ ಪುಡಿ ಮಾಡುತ್ತಿದ್ದರು. ತಿರುಗಿ ಬನ್ನಿ ಎಂದು ನಾನೂ ಅಂದೆ. ತಲೆ ಅಲ್ಲಾಡಿಸಿದರು. "ಆಗೂದಿಲ್ಲ ತಮ್ಮಾ. ಬಟನ್ ಅಂದ್ರ ಕೈ ನಡಗತಾವು" ಎಂದರು. ಅದು ನಿಜವೇ ಆಗಿತ್ತು. ಅವರು ಮತ್ತೆಂದೂ ಬರಲಿಲ್ಲ. ಹೊಲ ನೋಡಿಕೊಂಡು ಶಲವಡಿಯಲ್ಲೇ ಉಳಿದರು.

ಅಂದು ಮನೆಗೆ ನಡೆಯುವಾಗ ಗೌಡರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಖಾಲಿ ಐತೇನು ಅಂತ ಕೇಳೂ ಸಾಲು ಹಾಕಿದೇನು?"

"ಹಾಕೀನ್ರಿ."

"ಅಂಕಿ ಐದುನೂರಕ್ಕ ಒಯ್ದಿಲ್ಲಲಾ?"

"ಇಲ್ರಿ. ನೂರರಾಗ ಐತಿ."

"ಛಲೋ ಮಾಡ್ದಿ" ಎಂದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮಹಬೂಬ ಮುಂದೆ ನಡೆಯುತ್ತಿದ್ದವನು ತಿರುಗಿ ನಿಂತು, "ಇಬ್ರೂ ಅಲ್ಲಿ ನಿಂತು ಲೆಕ್ಕಾ ಸುರು ಮಾಡಿದ್ರೇನು? ಹೊಟ್ಟಿ ಹಸದೈತಿ, ಬರ್ರಿ" ಎಂದು ಕೂಗಿದ. ಗೌಡರ ತಾಯಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಊಟದ ನಡುವೆಯೇ ಗೌಡರಿಗೂ ಮಹಬೂಬನಿಗೂ ಜಗಳ ಹತ್ತಿತು, ಹಳೆಯ ಲೇಥ್ ಒಳ್ಳೆಯದೋ ಸಿಎನ್‌ಸಿ ಒಳ್ಳೆಯದೋ ಎಂದು. ನಾನು ಪಡಸಾಲೆಯ ಗೋಡೆಗೆ ಒರಗಿ ಕೇಳುತ್ತ ಕೂತೆ. ಹತ್ತಿಕಟ್ಟಿಗೆಯ ಸದ್ದು ಕೇಳದೆ ಅಲ್ಲೇ ಕಣ್ಣು ಹತ್ತಿತು. ಕಂಬಳಿ ಯಾರು ಹೊದಿಸಿದರೋ ತಿಳಿಯದು.

ಮರುದಿನ ಎಚ್ಚರವಾದಾಗ ಬಿಸಿಲು ಹೊಟ್ಟೆಯ ಮೇಲೆ ಬಿದ್ದಿತ್ತು. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಏಳ್ರಿ ಕಾಲೇಜ್ ಸಾಹೇಬ್ರ" ಎಂದ ಮಹಬೂಬ. "ಮೊದಲನೇ ಬಸ್ಸೂ ಹೋತು, ಎರಡನೇದೂ ಹೋತು."

"ಎಬ್ಬಸಬಾರದಾಗಿತ್ತೇನೋ?"

"ಎಬ್ಬಸಾಕ ಎರಡ ಸಲ ಬಂದೆ. ಇವ್ರು ಕೈ ಹಿಡಕೊಂಡು ಕುಂದರಿಸಿದ್ರು."

ಗೌಡರು ಆರದಿರಲೆಂದು ಒಲೆಯ ಬಾಯಿಗೆ ಇಟ್ಟಿದ್ದ ನನ್ನ ಪಾಲಿನ ಚಹಾ ತರಲು ಒಳಗೆ ಹೋದರು.